ಕುಣಿಕೆ ಬೀಳದ ಕರಡಿ: ಕ್ಯಾಲಿಫೋರ್ನಿಯಾದ ಲಾಂಛನಗಳ ಕತೆ

(ಬೇ ಏರಿಯಾದ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಗೆ ಹೋಗಿ, ಮಕ್ಕಳ ಶಾಲೆಗೆ ಹೋಗಿ, ಸಿಟಿ ಹಾಲ್‌ಗೆ ಹೋಗಿ, ಆ ಕರಡಿ ಬಾವುಟ ಇದ್ದೇ ಇರುತ್ತದೆ. ಬಿಳಿ ಬಟ್ಟೆ, ಕೆಳಗೆ ಕೆಂಪು ಪಟ್ಟಿ, ಮೇಲಿನ ಮೂಲೆಯಲ್ಲಿ ಒಂದು ಕೆಂಪು ನಕ್ಷತ್ರ. ನಡುವೆ ಹಸಿರು ಹುಲ್ಲಿನ ಮೇಲೆ ಹೆಜ್ಜೆ ಹಾಕುತ್ತಿರುವ ಕಂದು ಕರಡಿ. ಅದರ ಕೆಳಗೆ 'ಕ್ಯಾಲಿಫೋರ್ನಿಯಾ ರಿಪಬ್ಲಿಕ್' ಅಂತ ಬರೆದಿದೆ. ಟೀ ಶರ್ಟಿನ ಮೇಲೂ ಅದೇ, ಟೋಪಿಯ ಮೇಲೂ ಅದೇ. ಊರಿಗೆ ಹೋಗುವಾಗ ತಮ್ಮನಿಗೊಂದು, ಭಾವನಿಗೊಂದು ತಗೊಂಡು ಹೋಗಿರುತ್ತೀರಿ.

ಈಗ ಎರಡು ವಿಷಯ ಹೇಳುತ್ತೇನೆ. ಆ ಗಣರಾಜ್ಯ ಬಾಳಿದ್ದು 25 ದಿನ. ಆ ಕರಡಿ ಈ ರಾಜ್ಯದಲ್ಲಿ ಅಳಿದು ಹೋಗಿ ನೂರು ವರ್ಷವಾಯಿತು. ಇಲ್ಲದ ದೇಶದ ಹೆಸರು, ಇಲ್ಲದ ಪ್ರಾಣಿಯ ಚಿತ್ರ. ಇಷ್ಟು ದೊಡ್ಡ, ಇಷ್ಟು ಶ್ರೀಮಂತ ರಾಜ್ಯ ಹಾರಿಸುವುದು ಇದನ್ನೇ.

ರಾಜ್ಯ ಪಕ್ಷಿ ಯಾವುದು, ರಾಜ್ಯ ಹೂವು ಯಾವುದು ಅಂತ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪಟ್ಟಿ ಓದುವುದು ಸುಲಭ, ಫೋನ್ ತೆಗೆದರೆ ಸಿಗುತ್ತದೆ. ನನಗೆ ಕುತೂಹಲ ಬೇರೆ. ಪ್ರತಿಯೊಂದು ಲಾಂಛನದ ಹಿಂದೆಯೂ ಒಂದು ಜಗಳ ಇರುತ್ತದೆ. ಯಾರೋ ಗೆದ್ದಿರುತ್ತಾರೆ, ಯಾರೋ ಸೋತಿರುತ್ತಾರೆ. ಚಿತ್ರದಲ್ಲಿ ಉಳಿಯುವುದು ಗೆದ್ದವರ ಮಾತು. ಹಾಗಾಗಿ ಇವತ್ತು ಸೋತ ಒಬ್ಬ ಮನುಷ್ಯನ ಬೆನ್ನು ಹಿಡಿದು ಈ ಕತೆ ಹೇಳುತ್ತೇನೆ. ಅವರ ಹೆಸರು ಮರಿಯಾನೊ ವಲೇಹೋ. ಸ್ಯಾಕ್ರಮೆಂಟೊ ಕಡೆ ಡ್ರೈವ್ ಮಾಡುವಾಗ ದಾಟುತ್ತೀರಲ್ಲ, ಆ ವಲೇಹೋ ಊರು ಅವರ ಹೆಸರಿನದೇ.

ಅವರು ಹುಟ್ಟಿದ್ದು 1807ರಲ್ಲಿ, ಮಾಂಟೆರೆಯಲ್ಲಿ. ಆಗ ಇದು ಸ್ಪೇನ್ ದೊರೆಯ ನೆಲ. 1769ರಲ್ಲಿ ಹುನಿಪೆರೊ ಸೆರ್ರಾ ಎಂಬ ಪಾದ್ರಿ ಸ್ಯಾನ್ ಡಿಯೇಗೊದಲ್ಲಿ ಮೊದಲ ಮಿಷನ್, ಅಂದರೆ ಚರ್ಚು ಮತ್ತು ಅದರ ಸುತ್ತಲಿನ ವಸತಿ, ಕಟ್ಟಿಸಿದರು. ಅಲ್ಲಿಂದ ಕರಾವಳಿಯುದ್ದಕ್ಕೂ ಒಂದೊಂದಾಗಿ 21 ಮಿಷನ್‌ಗಳು ಎದ್ದವು. ನಾಲ್ಕನೇ ಕ್ಲಾಸಿನ ಮಕ್ಕಳಿರುವ ಮನೆಯವರು ನಗುತ್ತಿದ್ದೀರಿ. ಗೊತ್ತು, ಶಾಲೆಯಲ್ಲಿ ಮಾಡಿ ತರಲು ಹೇಳುವ ಆ ರಟ್ಟಿನ ಮಿಷನ್ ಮಾಡಿಕೊಟ್ಟವರು ಅಪ್ಪ ಅಮ್ಮಂದಿರೇ ಅಲ್ವಾ! ಆ ರಟ್ಟಿನ ಮಾದರಿಯಲ್ಲಿ ಗಂಟೆ ಇರುತ್ತದೆ, ಕಮಾನು ಇರುತ್ತದೆ. ಒಳಗೆ ದುಡಿದವರು ಇರುವುದಿಲ್ಲ. ಈ ನೆಲದ ಮೂಲ ಜನರನ್ನು ಮತಾಂತರ ಮಾಡಿ, ಮತ್ತೆ ಹೊರಗೆ ಹೋಗಗೊಡದೆ, ಗದ್ದೆ ತೋಟಗಳಲ್ಲಿ ದುಡಿಸಿದರು. ಓಡಿ ಹೋದವರನ್ನು ಸೈನಿಕರನ್ನು ಬಿಟ್ಟು ಹಿಡಿದು ತಂದರು. ಯುರೋಪಿನಿಂದ ಬಂದ ರೋಗಗಳಿಗೆ ಅವರು ಹುಳಗಳ ಹಾಗೆ ಸತ್ತರು.

1821ರಲ್ಲಿ ಮೆಕ್ಸಿಕೊ ಸ್ವತಂತ್ರವಾಯಿತು. ಕ್ಯಾಲಿಫೋರ್ನಿಯಾ ಅದರ ದೂರದ ಮೂಲೆಯ ಪ್ರಾಂತ್ಯವಾಯಿತು. ಮಿಷನ್‌ಗಳ ಜಮೀನು ಕೈಬದಲಾಗಿ ರಾಂಚೊಗಳಾದವು, ಅಂದರೆ ದನ ಸಾಕುವ ದೊಡ್ಡ ಜಮೀನುಗಳು. ಕೆಲವೇ ಮನೆತನಗಳ ಕೈಗೆ ಸಾವಿರಾರು ಎಕರೆ ಬಂತು. ವಲೇಹೋ ಉತ್ತರದ ಗಡಿಯ ಸೇನಾಧಿಕಾರಿ. ಸೊನೋಮಾ ಊರನ್ನು 1835ರಲ್ಲಿ ಕಟ್ಟಿಸಿದವರೂ ಅವರೇ. ಪೆಟಲೂಮಾದಲ್ಲಿ ಅವರ ಒಂದು ರಾಂಚೊ ಮಾತ್ರವೇ ಸುಮಾರು 66,000 ಎಕರೆ. ಓದುವ ಹುಚ್ಚಿನ ಮನುಷ್ಯ, ಪುಸ್ತಕಗಳ ದೊಡ್ಡ ಸಂಗ್ರಹ ಇತ್ತು. ಒಳ್ಳೆಯವರು ಅಂತ ಪೂರಾ ಹೇಳೋಕೆ ಆಗಲ್ಲ. ಆ ಜಮೀನಿನಲ್ಲಿ ದುಡಿದವರು ಮತ್ತೆ ಅದೇ ಮೂಲ ಜನರು.

ಆ ಕಾಲದ ವ್ಯಾಪಾರ ಅಂದರೆ ದನದ ಚರ್ಮ ಮತ್ತು ಕೊಬ್ಬು. ಬಾಸ್ಟನ್ನಿನಿಂದ ಹಡಗು ಬಂದು ಚರ್ಮ ತುಂಬಿಕೊಂಡು ಹೋಗುತ್ತಿದ್ದವು. ದನ ಕಡಿದು ಚರ್ಮ ಸುಲಿದು, ಉಳಿದ ಮಾಂಸವನ್ನು ಬಯಲಲ್ಲೇ ಬಿಡುತ್ತಿದ್ದರು. ಕರಡಿಗಳಿಗೆ ಹಬ್ಬ. ಚಿನ್ನ ಸಿಗುವ ಮುಂಚೆ ಈ ರಾಜ್ಯದಲ್ಲಿ ಸುಮಾರು 10,000 ಗ್ರಿಜ್ಲಿ ಕರಡಿಗಳಿದ್ದವು ಅಂತ ಅಂದಾಜು. ಬಾವುಟದಲ್ಲಿರುವುದು ಈ ಜಾತಿಯೇ. ಆಗಿನ ಮನುಷ್ಯರ ಲೆಕ್ಕಕ್ಕೆ ಹೋಲಿಸಿದರೆ ಅದೇನೂ ಕಮ್ಮಿ ಅಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಯಾಕೆಂದರೆ ಮುಂದಿನ ಕತೆಗೆ ಇದು ಬೇಕು. ರಾಂಚೊಗಳಲ್ಲಿ ದನ ಕಾಯುವ ಕುದುರೆ ಸವಾರರಿಗೆ ವಕೇರೊ ಅಂತ ಹೆಸರು. ಅವರ ಕೈಯಲ್ಲಿ ಹಸಿ ಚರ್ಮದ ಎಳೆಗಳನ್ನು ಹೆಣೆದ ಉದ್ದನೆಯ ಹಗ್ಗ, ಅದರ ತುದಿಗೆ ಕುಣಿಕೆ. ಈ ಹಗ್ಗದಿಂದ ಅವರು ಗ್ರಿಜ್ಲಿ ಹಿಡಿಯುತ್ತಿದ್ದರು. ಒಬ್ಬನಿಂದ ಆಗುವ ಕೆಲಸ ಅಲ್ಲ. ಮೂರ್ನಾಲ್ಕು ಜನ ಸುತ್ತುವರಿದು, ಒಬ್ಬ ಕುತ್ತಿಗೆಗೆ, ಒಬ್ಬ ಮುಂಗಾಲಿಗೆ, ಒಬ್ಬ ಹಿಂಗಾಲಿಗೆ ಕುಣಿಕೆ ಎಸೆದು, ಹಗ್ಗವನ್ನು ಜೀನಿನ ಕೊಂಬಿಗೆ ಸುತ್ತಿ, ಕುದುರೆಗಳನ್ನು ಬೇರೆ ಬೇರೆ ದಿಕ್ಕಿಗೆ ಎಳೆಸುತ್ತಿದ್ದರು. ಹಾಗೆ ಹಿಡಿದ ಕರಡಿಯನ್ನು ಹಬ್ಬದ ದಿನ ಊರ ಚೌಕದಲ್ಲಿ ಗೂಳಿಯ ಜೊತೆ ಕಾದಾಡಿಸುತ್ತಿದ್ದರು. ಕ್ರೌರ್ಯವೇ. ಆದರೆ ಕ್ಯಾಲಿಫೋರ್ನಿಯೊ, ಅಂದರೆ ಇಲ್ಲಿ ನೆಲೆಸಿದ್ದ ಸ್ಪ್ಯಾನಿಷ್ ಮಾತಿನ, ಗಂಡಸಿಗೆ ಕರಡಿ ಅಂದರೆ ಕುಣಿಕೆ ಹಾಕಿ ಹಿಡಿಯುವಂಥದ್ದು. ಇದನ್ನು ನೆನಪಿಟ್ಟುಕೊಳ್ಳಿ.

ಈಗ 1846ಕ್ಕೆ ಬರೋಣ. ಅಮೆರಿಕದ ಕಡೆಯಿಂದ ಬೆಟ್ಟ ದಾಟಿ ಬಂದು ಸ್ಯಾಕ್ರಮೆಂಟೊ ಕಣಿವೆಯಲ್ಲಿ ನೆಲೆ ನಿಂತ ಜನ ಇದ್ದರು. ಹಲವರಿಗೆ ಮೆಕ್ಸಿಕೊದ ಪರವಾನಗಿ ಇರಲಿಲ್ಲ. ನಮ್ಮನ್ನು ಓಡಿಸುತ್ತಾರಂತೆ ಅನ್ನುವ ಗಾಳಿಮಾತು ಹಬ್ಬಿತು. ಅದಕ್ಕೆ ತುಪ್ಪ ಸುರಿಯಲು ಅಮೆರಿಕದ ಸೇನೆಯ ಜಾನ್ ಫ್ರೀಮಾಂಟ್ ಎಂಬ ಅಧಿಕಾರಿ ಹತ್ತಿರದಲ್ಲೇ ಬೀಡು ಬಿಟ್ಟಿದ್ದ. ಜೂನ್ 14ರ ಬೆಳಗಿನ ಜಾವ ಸುಮಾರು 33 ಜನ ಸೊನೋಮಾಕ್ಕೆ ನುಗ್ಗಿ ವಲೇಹೋ ಮನೆ ಬಾಗಿಲು ಬಡಿದರು.

ತಮಾಷೆ ಏನೆಂದರೆ, ವಲೇಹೋಗೆ ಅಮೆರಿಕದ ಮೇಲೆ ಒಲವಿತ್ತು. ಮೆಕ್ಸಿಕೊ ಸರಕಾರ ನಮ್ಮನ್ನು ಮರೆತಿದೆ, ಅಮೆರಿಕ ಸೇರುವುದೇ ವಾಸಿ ಅಂತ ಅವರ ವಾದ. ಅವರು ಬಂದವರನ್ನು ಒಳಗೆ ಕರೆದು ಕೂರಿಸಿದರು. ದ್ರಾಕ್ಷಾರಸ, ಬ್ರಾಂಡಿ ತರಿಸಿದರು. ಮಾತುಕತೆಗೆ ಒಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಏನಾಯಿತು ಅಂತ ನೋಡಿಕೊಂಡು ಬರಲು ಹೋದವನೂ ವಾಪಸ್ ಬರಲಿಲ್ಲ. ಕೊನೆಗೆ ವಿಲಿಯಂ ಐಡ್ ಎಂಬಾತ ಒಳಗೆ ಹೋಗಿ ನೋಡಿದರೆ ಎಲ್ಲರಿಗೂ ಏರಿತ್ತು. ಇಷ್ಟೆಲ್ಲ ಆದರೂ, ಉಂಡ ಮನೆಗೆ ಎರಡು ಬಗೆಯುವುದು ಅಂತಾರಲ್ಲ, ಹಾಗೇ ಆಯಿತು. ವಲೇಹೋರನ್ನು ಸೆರೆ ಹಿಡಿದು ಸ್ಯಾಕ್ರಮೆಂಟೊದ ಸಟರ್ಸ್ ಕೋಟೆಗೆ ಒಯ್ದರು. ಆಗಸ್ಟ್‌ನಲ್ಲಿ ಬಿಟ್ಟಾಗ ಮಲೇರಿಯಾ ಹತ್ತಿ ಸೊರಗಿ ಸುಣ್ಣವಾಗಿದ್ದರು.

ಬಂಡಾಯ ಮಾಡಿ ನಮ್ಮದೇ ಗಣರಾಜ್ಯ ಅಂತ ಸಾರಿದ ಮೇಲೆ ಬಾವುಟ ಬೇಕಲ್ಲ. ವಿಲಿಯಂ ಟಾಡ್ ಎಂಬ ಹುಡುಗ ಮುಂದೆ ಬಂದ. ಅಬ್ರಹಾಂ ಲಿಂಕನ್ ಹೆಂಡತಿ ಮೇರಿ ಟಾಡ್ ಅವರ ಸಂಬಂಧಿಕ ಈತ. ಒರಟು ಹತ್ತಿ ಬಟ್ಟೆ ತಗೊಂಡು, ಕೆಳಗೆ ಕೆಂಪು ಫ್ಲಾನೆಲ್ ಪಟ್ಟಿ ಹೊಲಿಸಿ, ಒಂದು ನಕ್ಷತ್ರ, ಒಂದು ಕರಡಿ ಬರೆದ. ಕರಡಿ ಎಷ್ಟು ಚೆನ್ನಾಗಿತ್ತು ಅಂದರೆ ಅದನ್ನು ನೋಡಿದ ಕ್ಯಾಲಿಫೋರ್ನಿಯೊಗಳು ಹಂದಿ ಅಂತ ನಕ್ಕರು. ಆ ಬಂಡಾಯಗಾರರಿಗೆ ಒಂದು ಸುದ್ದಿ ಮುಟ್ಟಿರಲಿಲ್ಲ. ಅಮೆರಿಕ ಮೆಕ್ಸಿಕೊ ಮೇಲೆ ಯುದ್ಧ ಸಾರಿ ಆಗಲೇ ಒಂದು ತಿಂಗಳಾಗಿತ್ತು. ಜುಲೈ 9ಕ್ಕೆ ನೌಕಾಪಡೆಯ ಅಧಿಕಾರಿಯೊಬ್ಬ ಸೊನೋಮಾಕ್ಕೆ ಬಂದು ಹಂದಿ ಬಾವುಟ ಇಳಿಸಿ ಅಮೆರಿಕದ ಬಾವುಟ ಏರಿಸಿದ. ಗಣರಾಜ್ಯದ ಕತೆ ಮುಗಿಯಿತು.

ನಗುವ ಕತೆಯ ಹಾಗೆ ಇದನ್ನು ಹೇಳಿ ಮುಗಿಸಿಬಿಡುತ್ತಾರೆ. ಆದರೆ ಆ 25 ದಿನಗಳಲ್ಲಿ ಹೆಣಗಳೂ ಬಿದ್ದವು. ಜೂನ್ 28ರಂದು ಸ್ಯಾನ್ ರಾಫೇಲ್ ಹತ್ತಿರ ದೋಣಿಯಿಂದ ಇಳಿದ ಮೂವರನ್ನು ಫ್ರೀಮಾಂಟ್ ಕಡೆಯವರು ಗುಂಡಿಟ್ಟು ಕೊಂದರು. ಬಂದೂಕು ಹಿಡಿದವರಲ್ಲಿ ಫ್ರೀಮಾಂಟ್‌ಗೆ ದಾರಿ ತೋರಿಸುತ್ತಿದ್ದ ಕಿಟ್ ಕಾರ್ಸನ್ ಇದ್ದ. ಸತ್ತವರಲ್ಲಿ ಇಬ್ಬರು ಅವಳಿ ಹುಡುಗರು, ದಿ ಹಾರೊ ಮನೆಯವರು. ಇನ್ನೊಬ್ಬರು ಮುದುಕರು, ಹೊಸೆ ಬೆರ್ರಿಯೆಸಾ. ಸೊನೋಮಾದಲ್ಲಿ ಸೆರೆಯಾಗಿದ್ದ ಮಗನನ್ನು ನೋಡಲು ಹೊರಟಿದ್ದರು.

ಬೆರ್ರಿಯೆಸಾ. ಎಲ್ಲೋ ಕೇಳಿದ ಹೆಸರು, ಅಲ್ವಾ? ಸ್ಯಾನ್ ಹೋಸೆಯ ಬೆರ್ರಿಯೆಸಾ ಬಡಾವಣೆಗೆ ಆ ಮನೆತನದ್ದೇ ಹೆಸರು. 2020ರಲ್ಲಿ ಅಲ್ಲಿ ಬಾರ್ಟ್ ರೈಲಿನ ನಿಲ್ದಾಣವೂ ಬಂತು. ಅದೇ ರೈಲಿನಲ್ಲಿ ಮೂರು ನಿಲ್ದಾಣ ಹಿಂದೆ ಫ್ರೀಮಾಂಟ್. ನಮ್ಮಲ್ಲಿ ಅರ್ಧ ಜನ ಅಲ್ಲೇ ಇದ್ದೀರಿ. ಕೊಂದ ಕಡೆಯವನ ಹೆಸರಲ್ಲಿ ಹತ್ತಿ, ಸತ್ತವರ ಮನೆತನದ ಹೆಸರಲ್ಲಿ ಇಳಿಯಬಹುದು. ರೈಲಿನಲ್ಲಿ ಅದನ್ನು ಯಾರೂ ಹೇಳುವುದಿಲ್ಲ, ಸುಮ್ನೆ ಮುಂದಿನ ನಿಲ್ದಾಣ ಅಂತ ಕೂಗುತ್ತಾರೆ.

1848ರ ಜನವರಿ 24ರಂದು ಕೊಲೋಮಾದಲ್ಲಿ, ಅಮೆರಿಕನ್ ನದಿಯ ದಂಡೆಯ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಕಣ್ಣಿಗೆ ಚಿನ್ನದ ಚೂರು ಬಿತ್ತು. ಒಂಬತ್ತು ದಿನ ಕಳೆದು, ಫೆಬ್ರವರಿ 2ಕ್ಕೆ, ಮೆಕ್ಸಿಕೊ ಸೋತು ಒಪ್ಪಂದಕ್ಕೆ ಸಹಿ ಹಾಕಿ ಕ್ಯಾಲಿಫೋರ್ನಿಯಾವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಸಹಿ ಹಾಕಿದ ಎರಡೂ ಕಡೆಯವರಿಗೆ ಚಿನ್ನದ ವಿಷಯ ಗೊತ್ತಿರಲಿಲ್ಲ. ಮುಂದಿನದು ನಿಮಗೆ ಗೊತ್ತಿದ್ದದ್ದೇ. ಕೆಲವೇ ವರ್ಷಗಳಲ್ಲಿ ಸುಮಾರು 3 ಲಕ್ಷ ಜನ ಬಂದು ಬಿದ್ದರು. ಮಾರ್ಷಲ್‌ಗೂ ಗಿರಣಿಯ ಒಡೆಯ ಸಟರ್‌ಗೂ ಏನೂ ಗಿಟ್ಟಲಿಲ್ಲ. ಮಾರ್ಷಲ್ 1885ರಲ್ಲಿ ಬಡವನಾಗಿಯೇ ಸತ್ತ.

ಇಷ್ಟು ಜನ ಬಂದ ಮೇಲೆ ಒಂದು ಸರಕಾರ ಬೇಕಲ್ಲ. 1849ರ ಸೆಪ್ಟೆಂಬರ್‌ನಲ್ಲಿ ಮಾಂಟೆರೆಯ ಕೋಲ್ಟನ್ ಹಾಲ್‌ನಲ್ಲಿ 48 ಪ್ರತಿನಿಧಿಗಳು ಸಂವಿಧಾನ ಬರೆಯಲು ಕೂತರು. ಆ ಕಟ್ಟಡ ಇನ್ನೂ ಇದೆ, ಅಕ್ವೇರಿಯಂ ನೋಡಲು ಹೋದಾಗ ಹತ್ತು ನಿಮಿಷ ಅಲ್ಲಿಗೂ ಹೋಗಿ ಬನ್ನಿ. ಪ್ರತಿನಿಧಿಗಳಲ್ಲಿ ಸ್ಪ್ಯಾನಿಷ್ ಮಾತಾಡುವ ಕ್ಯಾಲಿಫೋರ್ನಿಯೊಗಳು ಬೆರಳೆಣಿಕೆಯಷ್ಟು. ವಲೇಹೋ ಅವರಲ್ಲೊಬ್ಬರು. ಮೂರು ವರ್ಷದ ಹಿಂದೆ ಜೈಲಿಗೆ ಹಾಕಿದವರ ಜೊತೆಗೇ ಈಗ ಕೂತು ಕಾನೂನು ಬರೆಯಬೇಕು. ಆ ಸಂವಿಧಾನದಲ್ಲಿ ಎರಡು ಮಾತು ಮುಖ್ಯ. ಗುಲಾಮಗಿರಿ ಇಲ್ಲಿ ಕೂಡದು. ಎಲ್ಲ ಕಾನೂನುಗಳನ್ನೂ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಅಚ್ಚು ಹಾಕಬೇಕು. ಎರಡನೆಯದು ಮೂವತ್ತು ವರ್ಷ ಬಾಳಿತು. 1879ರ ಹೊಸ ಸಂವಿಧಾನದಲ್ಲಿ ಸ್ಪ್ಯಾನಿಷ್ ಬಿಟ್ಟುಹೋಯಿತು.

ಅದೇ ಸಭೆಯ ಮುಂದೆ ರಾಜ್ಯದ ಮುದ್ರೆಯ ಚಿತ್ರ ಬಂತು. ಇವತ್ತಿಗೂ ಸರಕಾರಿ ಕಾಗದಗಳ ಮೇಲೆ ಇರುವುದು ಅದರದೇ ರೂಪ. ಮುಂದೆ ಮಿನರ್ವಾ ದೇವತೆ, ಈಟಿ ಗುರಾಣಿ ಹಿಡಿದು ಕೂತಿದ್ದಾಳೆ. ಹಿಂದೆ ನದಿಯಲ್ಲಿ ಹಡಗುಗಳು, ಗುದ್ದಲಿ ಹಿಡಿದ ಗಣಿಗಾರ, ದೂರದಲ್ಲಿ ಹಿಮದ ಸಿಯೆರಾ ನೆವಾಡಾ. ಮೇಲೆ 'ಯುರೇಕಾ', 'ಸಿಕ್ಕಿತು' ಅಂತ. ಅದಕ್ಕೂ ಮೇಲೆ 31 ನಕ್ಷತ್ರ. ಅಮೆರಿಕದಲ್ಲಿ ಆಗ ಇದ್ದದ್ದು 30 ರಾಜ್ಯ. ಸೇರಿಸಿಕೊಳ್ಳುತ್ತಾರೋ ಇಲ್ಲವೋ ಗೊತ್ತಾಗುವ ಮುಂಚೆಯೇ ತಮ್ಮ ನಕ್ಷತ್ರ ತಾವೇ ಹಾಕಿಕೊಂಡರು! ಮಿನರ್ವಾ ಯಾಕೆ ಅಂದರೆ, ರೋಮನ್ನರ ಕತೆಯಲ್ಲಿ ಅವಳು ಮಗುವಾಗಿ ಹುಟ್ಟಲೇ ಇಲ್ಲ. ಜುಪಿಟರ್ ತಲೆಯಿಂದ ನೇರವಾಗಿ ಬೆಳೆದ ಹೆಣ್ಣಾಗಿಯೇ ಹೊರಬಂದಳು. ಬೇರೆ ಕಡೆಗಳೆಲ್ಲ ಮೊದಲು ಕೇಂದ್ರದ ಆಡಳಿತದ ಪ್ರದೇಶವಾಗಿ ಕೆಲವು ವರ್ಷ ಕಾದು ಆಮೇಲೆ ರಾಜ್ಯವಾಗುತ್ತಿದ್ದವು. ನಾವು ಕಾಯುವುದಿಲ್ಲ ಅನ್ನುವುದು ಚಿತ್ರದ ಧಿಮಾಕು.

ಮಿನರ್ವಾಳ ಕಾಲ ಬಳಿ ದ್ರಾಕ್ಷಿ ತಿನ್ನುತ್ತಾ ಒಂದು ಗ್ರಿಜ್ಲಿ ನಿಂತಿದೆ. ವಲೇಹೋ ಎದ್ದು ನಿಂತದ್ದು ಇದಕ್ಕೆ. ಈ ಕರಡಿಯನ್ನು ತೆಗೆಯಿರಿ ಅಂದರು. ತೆಗೆಯಲ್ಲ ಅಂದರೆ ಅದಕ್ಕೆ ಕುಣಿಕೆ ಬಿದ್ದಿರಬೇಕು, ಹಗ್ಗದ ತುದಿ ಒಬ್ಬ ವಕೇರೊನ ಕೈಯಲ್ಲಿರಬೇಕು ಅಂತ ತಿದ್ದುಪಡಿ ಮಂಡಿಸಿದರು.

ನನಗೆ ಇಡೀ ಕ್ಯಾಲಿಫೋರ್ನಿಯಾ ಚರಿತ್ರೆಯಲ್ಲಿ ಇದಕ್ಕಿಂತ ಇಷ್ಟವಾದ ಸಂಗತಿ ಇಲ್ಲ. ಒಂದು ಸಾಲಿನ ತಿದ್ದುಪಡಿಯಲ್ಲಿ ಆ ಮನುಷ್ಯ ಎಲ್ಲವನ್ನೂ ಹೇಳಿಬಿಟ್ಟರು. ನನ್ನನ್ನು ಸೆರೆ ಹಿಡಿದವರ ಗುರುತು ಅದು. ಇಟ್ಟರೆ ಇಡಿ, ಆದರೆ ಈ ನೆಲದಲ್ಲಿ ಕರಡಿ ಹಿಡಿಯುತ್ತಿದ್ದವರು ನಾವು, ನಮ್ಮ ಹಗ್ಗವೂ ಇರಲಿ. ಕೂಗಾಟ ಇಲ್ಲ, ಶಾಪ ಇಲ್ಲ. ಚೆಲುವಾದ ಚುಚ್ಚುಮಾತು. ತಿದ್ದುಪಡಿ ಬಿದ್ದುಹೋಯಿತು. ಮುದ್ರೆಯಲ್ಲಿ ಕರಡಿ ಇದೆ, ಕುಣಿಕೆ ಇಲ್ಲ, ವಕೇರೊ ಇಲ್ಲ.

ಆ ಚಿತ್ರ ಬರೆದ ಕೈ ಯಾವುದು ಅನ್ನುವುದಕ್ಕೂ ಒಂದು ಉಪಕತೆ ಇದೆ. ಸಭೆಗೆ ಅದನ್ನು ತಂದುಕೊಟ್ಟವನು ಕೇಲಬ್ ಲಯನ್. ಬರೆದದ್ದು ರಾಬರ್ಟ್ ಗಾರ್ನೆಟ್ ಎಂಬ ಸೇನಾಧಿಕಾರಿ, ತನ್ನ ಹೆಸರು ಬೇಡ ಅಂದಿದ್ದ. ವರ್ಜೀನಿಯಾದವನು. ಹನ್ನೆರಡು ವರ್ಷದ ಮೇಲೆ ಅಂತರ್ಯುದ್ಧ ಶುರುವಾದಾಗ ಆತ ಗುಲಾಮಗಿರಿಯ ದಕ್ಷಿಣದ ಕಡೆ ಸೇರಿದ. ಆ ಯುದ್ಧದಲ್ಲಿ ಸತ್ತ ಮೊದಲ ಜನರಲ್ ಆತನೇ. ಗುಲಾಮಗಿರಿ ಬೇಡ ಅಂದ ರಾಜ್ಯದ ಮುದ್ರೆ ಬರೆದವನು ಸತ್ತದ್ದು ಅದನ್ನು ಉಳಿಸಲು ಹೊರಟ ಸೇನೆಯಲ್ಲಿ.

1850ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾ 31ನೇ ರಾಜ್ಯವಾಯಿತು. ಸುದ್ದಿ ಹಡಗಿನಲ್ಲಿ ಬರಬೇಕಲ್ಲ, ಸ್ಯಾನ್ ಫ್ರಾನ್ಸಿಸ್ಕೊಗೆ ಮುಟ್ಟಿದ್ದು ಅಕ್ಟೋಬರ್ 18ಕ್ಕೆ. ವಾಷಿಂಗ್ಟನ್‌ನಲ್ಲಿ ಅದಕ್ಕಾಗಿ ದೊಡ್ಡ ಕೊಡುಕೊಳ್ಳುವಿಕೆ ನಡೆಯಿತು. ಗುಲಾಮಗಿರಿ ಇದ್ದ 15 ರಾಜ್ಯ, ಇಲ್ಲದ 15 ರಾಜ್ಯ. ಇದು ಸೇರಿದರೆ ತಕ್ಕಡಿ ವಾಲುತ್ತದೆ. ದಕ್ಷಿಣದವರನ್ನು ಸಮಾಧಾನ ಮಾಡಲು, ತಪ್ಪಿಸಿಕೊಂಡ ಗುಲಾಮರನ್ನು ಎಲ್ಲಿದ್ದರೂ ಹಿಡಿದು ಒಪ್ಪಿಸಬೇಕು ಅನ್ನುವ ಕಠಿಣ ಕಾನೂನನ್ನು ಜೊತೆಗೇ ತಂದರು.

ಮುದ್ರೆಯಲ್ಲಿ ಇನ್ನೂ ಒಂದು ಗೈರುಹಾಜರಿ ಇದೆ. ಸಾವಿರಾರು ವರ್ಷದಿಂದ ಇಲ್ಲಿದ್ದ ಮಿವೋಕ್, ಓಲೋನಿ, ಪೋಮೊ, ಯುರೋಕ್ ಮತ್ತು ಇತರ ಜನ ಎಲ್ಲೂ ಇಲ್ಲ. ಹೊಸ ರಾಜ್ಯದ ಮೊದಲ ವರ್ಷವೇ ಒಂದು ಕಾನೂನು ಬಂತು. ಹೆಸರು ಮೂಲನಿವಾಸಿಗಳ 'ರಕ್ಷಣೆ'ಯದು. ಅದರ ಪ್ರಕಾರ ಅವರನ್ನು ಅಲೆಮಾರಿ ಅಂತ ಹಿಡಿದು ಹರಾಜಿನಲ್ಲಿ ಜೀತಕ್ಕೆ ಕೊಡಬಹುದಿತ್ತು, ಮಕ್ಕಳನ್ನೂ ಬಿಡಲಿಲ್ಲ. 1851ರ ಜನವರಿಯಲ್ಲಿ ಮೊದಲ ಗವರ್ನರ್ ಪೀಟರ್ ಬರ್ನೆಟ್ ಶಾಸಕರಿಗೆ ಹೇಳಿದ್ದು, ಈ ಜನಾಂಗ ನಿರ್ನಾಮವಾಗುವ ತನಕ ಯುದ್ಧ ನಡೆಯುತ್ತಲೇ ಇರುತ್ತದೆ ಅಂತ. ಆ ಕೆಲಸಕ್ಕೆ ಖಾಸಗಿ ಪಡೆಗಳಿಗೆ ರಾಜ್ಯದ ಬೊಕ್ಕಸದಿಂದ ದುಡ್ಡು ಹೋಯಿತು. 1846ರಲ್ಲಿ ಸುಮಾರು 1,50,000 ಇದ್ದ ಮೂಲ ಜನ 1870ರ ಹೊತ್ತಿಗೆ ಸುಮಾರು 30,000ಕ್ಕೆ ಇಳಿದರು. 2019ರ ಜೂನ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ರಾಜ್ಯದ ಪರವಾಗಿ ಕ್ಷಮೆ ಕೇಳಿದರು. ನರಮೇಧ ಅಂತಲೇ ಕರೆದರು.

ವಲೇಹೋ ಏನಾದರು? ಮೊದಲ ಸೆನೆಟ್‌ಗೆ ಆರಿಸಿ ಬಂದರು. ರಾಜಧಾನಿ ಕಟ್ಟಲು ಜಮೀನು ಕೊಡುತ್ತೇನೆ, ದುಡ್ಡು ಕೊಡುತ್ತೇನೆ ಅಂದರು. 1852ರಲ್ಲಿ ಶಾಸಕರು ವಲೇಹೋ ಊರಿಗೆ ಬಂದು ನೋಡಿದರೆ ಸೂರು ಸೋರುತ್ತಿತ್ತು, ಕೂರಲು ಪೀಪಾಯಿಗಳಿದ್ದವು. ವಾರದೊಳಗೆ ಸ್ಯಾಕ್ರಮೆಂಟೊಗೆ ಹೋದರು. ಮತ್ತೆ ಬಂದರು, ಆಮೇಲೆ ಬೆನೀಷಿಯಾಕ್ಕೆ ಹೋದರು. ಅದು ವಲೇಹೋ ಹೆಂಡತಿಯ ಹೆಸರು. 1854ರಲ್ಲಿ ಸ್ಯಾಕ್ರಮೆಂಟೊದಲ್ಲಿ ನಿಂತರು. ಅಷ್ಟರಲ್ಲಿ 1851ರ ಜಮೀನು ಕಾನೂನು ಬಂದಿತ್ತು. ಮೆಕ್ಸಿಕೊ ಕಾಲದ ಪ್ರತಿ ರಾಂಚೊ ಒಡೆಯನೂ ತನ್ನ ಹಕ್ಕನ್ನು ಅಮೆರಿಕದ ಆಯೋಗದ ಮುಂದೆ ಸಾಬೀತು ಮಾಡಬೇಕು. ಕಾಗದ ಹುಡುಕಿ, ವಕೀಲರಿಗೆ ದುಡ್ಡು ಸುರಿದು, ಗೆದ್ದವರೂ ದಿವಾಳಿಯಾದರು. ವಲೇಹೋರ ಸೋಸ್ಕೋಲ್ ರಾಂಚೊ ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಯಿತು. 1890ರಲ್ಲಿ ಸೊನೋಮಾದ ಮನೆಯಲ್ಲಿ ತೀರಿಕೊಂಡಾಗ ಅವರಿಗೆ ಉಳಿದಿದ್ದದ್ದು ಸುಮಾರು 200 ಎಕರೆ. ಜಮೀನು ಕೋರ್ಟಿಗೆ ಬಿದ್ದರೆ ಏನಾಗುತ್ತದೆ ಅನ್ನುವುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕರಡಿಯ ಗತಿ. ಚಿನ್ನದ ಹಿಂದೆ ಬಂದೂಕು ಬಂತು, ವಿಷ ಬಂತು, ಕುರಿ ದನ ಸಾಕುವವರು ಬಂದರು. ವಕೇರೊಗಳು ಕರಡಿ ಹಿಡಿಯುತ್ತಿದ್ದರು, ಕರಡಿ ಸಂತತಿ ಮುಗಿದಿರಲಿಲ್ಲ. ಇವರು ಮುಗಿಸಿದರು. 1889ರ ಹೊತ್ತಿಗೆ ಗ್ರಿಜ್ಲಿ ಎಷ್ಟು ಅಪರೂಪವಾಗಿತ್ತೆಂದರೆ, ಸ್ಯಾನ್ ಫ್ರಾನ್ಸಿಸ್ಕೊ ಎಕ್ಸಾಮಿನರ್ ಪತ್ರಿಕೆಯ ಒಡೆಯ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಒಂದು ಜೀವಂತ ಗ್ರಿಜ್ಲಿ ಹಿಡಿದು ತಾ ಅಂತ ಆಲನ್ ಕೆಲಿ ಎಂಬ ವರದಿಗಾರನನ್ನು ದಕ್ಷಿಣದ ಬೆಟ್ಟಗಳಿಗೆ ಕಳಿಸಿದ. ಪ್ರಸಾರ ಹೆಚ್ಚಿಸುವ ಗಿಮಿಕ್ಕು. ಕೆಲಿ ತಿಂಗಳುಗಟ್ಟಲೆ ಅಲೆದ. ಕೊನೆಗೆ ಬೇರೆಯವರ ಬೋನಿಗೆ ಬಿದ್ದ ಕರಡಿಯನ್ನು ದುಡ್ಡು ಕೊಟ್ಟು ತಗೊಂಡು ಬಂದ. ಅದಕ್ಕೆ ಮೊನಾರ್ಕ್ ಅಂತ ಹೆಸರಿಟ್ಟರು, ಅಂದರೆ ಮಹಾರಾಜ. ಪತ್ರಿಕೆ ತನ್ನನ್ನು 'ದಿನಪತ್ರಿಕೆಗಳ ಮಹಾರಾಜ' ಅಂತ ಕರೆದುಕೊಳ್ಳುತ್ತಿತ್ತು. ಮೊದಲ ದಿನ ಸುಮಾರು 20,000 ಜನ ನೋಡಲು ಮುಗಿಬಿದ್ದರು. ಮಹಾರಾಜ ಬೋನಿನಲ್ಲೇ 22 ವರ್ಷ ಕಳೆದು 1911ರಲ್ಲಿ ಸತ್ತ.

ಅದೇ 1911ರಲ್ಲಿ ಕರಡಿ ಬಾವುಟ ಅಧಿಕೃತವಾಯಿತು. ಟಾಡ್ ಬರೆದ ಮೂಲ ಬಾವುಟ ಆಗ ಇರಲಿಲ್ಲ, 1906ರ ಭೂಕಂಪದ ಬೆಂಕಿಯಲ್ಲಿ ಸುಟ್ಟುಹೋಗಿತ್ತು. 1922ರಲ್ಲಿ ಟುಲಾರಿ ಕೌಂಟಿಯಲ್ಲಿ ಕೊನೆಯ ಗ್ರಿಜ್ಲಿಗೆ ಗುಂಡು ಬಿತ್ತು. 1924ರಲ್ಲಿ ಸೆಕೊಯಾ ಉದ್ಯಾನದ ಕಡೆ ಒಂದು ಕಾಣಿಸಿತು ಅನ್ನುತ್ತಾರೆ, ಆಮೇಲೆ ಇಲ್ಲ. 1953ರಲ್ಲಿ ಗ್ರಿಜ್ಲಿಯನ್ನು ರಾಜ್ಯ ಪ್ರಾಣಿ ಅಂತ ಘೋಷಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಬಾವುಟದ ಕರಡಿ ಹೀಗೇ ಇರಬೇಕು, ಇಷ್ಟೇ ಕಂದು ಇರಬೇಕು ಅಂತ ಅಳತೆ ಬಣ್ಣ ಗೊತ್ತುಮಾಡಿದ್ದೂ ಆ ವರ್ಷವೇ. ಅದಕ್ಕೂ ಮುಂಚೆ ಒಬ್ಬೊಬ್ಬ ತಯಾರಕನ ಕರಡಿ ಒಂದೊಂದು ಥರ ಇರುತ್ತಿತ್ತು. ಆ ಚಿತ್ರಕ್ಕೆ ಮಾದರಿ ಮೊನಾರ್ಕ್ ಅಂತ ಎಲ್ಲರೂ ಹೇಳುತ್ತಾರೆ. 1855ರ ಸುಮಾರಿಗೆ ಚಾರ್ಲ್ಸ್ ನಾಲ್ ಎಂಬ ಕಲಾವಿದ ಬರೆದಿದ್ದ ಗ್ರಿಜ್ಲಿ ಚಿತ್ರವನ್ನೂ ಬಳಸಿಕೊಂಡರು. ರಾಜ್ಯ ಲಾಂಛನಗಳ ಪಟ್ಟಿಯಲ್ಲಿ ಇನ್ನೊಂದು ಅಳಿದ ಜೀವವೂ ಇದೆ. ಲಾಸ್ ಏಂಜಲೀಸ್‌ನ ಲಾ ಬ್ರೇಯಾ ಡಾಂಬರು ಹೊಂಡಗಳಲ್ಲಿ ಮೂಳೆ ಸಿಕ್ಕ ಕತ್ತಿಹಲ್ಲಿನ ಬೆಕ್ಕು, 1973ರಿಂದ ರಾಜ್ಯದ ಪಳೆಯುಳಿಕೆ. ಆದರೆ ಅದು ಹೋಗಿ ಹತ್ತು ಸಾವಿರ ವರ್ಷದ ಮೇಲಾಯಿತು.

ಉಳಿದ ಲಾಂಛನಗಳ ಮೇಲೆ ಬೇಗ ಕಣ್ಣು ಹಾಯಿಸುತ್ತೇನೆ, ಊಟಕ್ಕೆ ಹೊತ್ತಾಗುತ್ತಿದೆ. ಹೂವು, ಗೋಲ್ಡನ್ ಪಾಪಿ, 1903ರಲ್ಲಿ. ಪಕ್ಷಿ, ತಲೆ ಮೇಲೆ ಪುಟ್ಟ ಜುಟ್ಟು ಇರುವ ಕ್ವೇಲ್, 1931ರಲ್ಲಿ. ಮರ ರೆಡ್‌ವುಡ್, 1937ರಲ್ಲಿ. ಕಾನೂನು ಬರೆದವರು ಯಾವ ರೆಡ್‌ವುಡ್ ಅಂತ ಹೇಳಲಿಲ್ಲ. ಕರಾವಳಿಯ ಎತ್ತರದ್ದೋ, ಸಿಯೆರಾದ ದಪ್ಪನೆಯದೋ? ಎರಡೂ ಹೌದು ಅಂತ ಆಮೇಲೆ ತೀರ್ಮಾನವಾಯಿತು. ಜಗಳ ಬಿಡಿಸುವ ಸುಲಭ ದಾರಿ.

ಕಲ್ಲಿನ ಜಗಳ ಸ್ವಲ್ಪ ಜೋರು. 1965ರಲ್ಲಿ ಸರ್ಪೆಂಟೈನ್ ಎಂಬ ಹಸಿರು ನುಣುಪು ಕಲ್ಲನ್ನು ರಾಜ್ಯದ ಶಿಲೆ ಮಾಡಿದರು. 2010ರಲ್ಲಿ ಅದರಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ, ಕ್ಯಾನ್ಸರ್ ತರುತ್ತದೆ, ಪಟ್ಟಿಯಿಂದ ತೆಗೆಯಿರಿ ಅಂತ ಒಂದು ಮಸೂದೆ ಬಂತು. ಭೂವಿಜ್ಞಾನಿಗಳು ರೊಚ್ಚಿಗೆದ್ದರು. ಎಲ್ಲ ಸರ್ಪೆಂಟೈನ್‌ನಲ್ಲೂ ಆಸ್‌ಬೆಸ್ಟಾಸ್ ಇರಲ್ಲ, ಸುಮ್ಮನೆ ಬಿದ್ದಿರುವ ಬಂಡೆ ಯಾರಿಗೂ ಏನೂ ಮಾಡಲ್ಲ ಅಂದರು. ಮಸೂದೆ ಸತ್ತಿತು, ಕಲ್ಲು ಉಳಿಯಿತು. ಕರಡಿಗಿಂತ ಕಲ್ಲಿಗೆ ಜಾಸ್ತಿ ಜನ ವಕಾಲತ್ತು ಹಾಕಿದರು ಅಂತ ನನಗನ್ನಿಸುತ್ತದೆ.

2017ರಲ್ಲಿ ರಾಜ್ಯಕ್ಕೊಂದು ಅಧಿಕೃತ ಕಾಯಿ ಬೇಕು ಅಂತ ಹೊರಟು, ಒಂದನ್ನು ಆರಿಸಲಾಗದೆ ನಾಲ್ಕನ್ನು ಹಾಕಿದರು. ಬಾದಾಮಿ, ಅಕ್ರೋಟು, ಪಿಸ್ತಾ, ಪೆಕಾನ್. ಬೆಂಗಳೂರಿನ ಅಂಗಡಿಯಲ್ಲಿ 'ಕ್ಯಾಲಿಫೋರ್ನಿಯಾ ಬಾದಾಮಿ' ಅಂತ ಚೀಟಿ ಹಚ್ಚಿ ಮಾರುತ್ತಾರಲ್ಲ, ಅದು ಇದೇ. ಇಲ್ಲಿನ ಬಾದಾಮಿಗೆ ಹೊರದೇಶದ ಗಿರಾಕಿಗಳಲ್ಲಿ ಭಾರತವೇ ದೊಡ್ಡದು. 2024ರಲ್ಲಿ ಬನಾನಾ ಸ್ಲಗ್‌ಗೂ ಪಟ್ಟ ಸಿಕ್ಕಿತು. ಬಾಳೆಹಣ್ಣಿನ ಬಣ್ಣದ ಸಿಂಬಳದ ಹುಳು ಸ್ವಾಮಿ ಅದು! ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಮೊದಲಿಂದಲೂ ಅದರ ಮೇಲೆ ಪ್ರೀತಿ.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಹುಡುಗಿ ಕೇಳಿದಳು: ಪಾಪಿ ಹೂವು ಕಿತ್ತರೆ ಪೊಲೀಸ್ ಹಿಡೀತಾರಾ ಅಂಕಲ್? ಇಲ್ಲಮ್ಮ, ಪಾಪಿಗೇ ಅಂತ ಬೇರೆ ಕಾನೂನಿಲ್ಲ. ನಿಮ್ಮ ಮನೆ ಹಿತ್ತಲಿನದು ಕಿತ್ತರೆ ಯಾರೂ ಕೇಳಲ್ಲ. ಸರಕಾರಿ ಜಾಗದಲ್ಲಿ, ಪಾರ್ಕಿನಲ್ಲಿ, ಹೈವೇ ಪಕ್ಕ ಯಾವ ಗಿಡ ಕಿತ್ತರೂ ತಪ್ಪು, ದಂಡ ಬೀಳಬಹುದು. ಹೂವು ಕೀಳದಿದ್ದರೂ ತುಳಿದು ಹಾಳು ಮಾಡುತ್ತಾರೆ. 2019ರಲ್ಲಿ ಲೇಕ್ ಎಲ್ಸಿನೋರ್ ಹತ್ತಿರ ಬೆಟ್ಟವೆಲ್ಲ ಕಿತ್ತಳೆ ಬಣ್ಣವಾದಾಗ ಸೆಲ್ಫಿಗೆ ಬಂದ ಜನಕ್ಕೆ ಹೆದರಿ ಊರಿನವರು ಆ ಕಣಿವೆಯನ್ನೇ ಮುಚ್ಚಬೇಕಾಯಿತು.

ಹಿರಿಯರೊಬ್ಬರು ಕೇಳಿದರು: ಕರಡಿ ಇಲ್ಲ ಅಂತೀರಿ, ನಾವು ಟಾಹೋದಲ್ಲಿ ಕಸದ ಡಬ್ಬ ಮಗುಚುವ ಕರಡಿ ನೋಡಿದ್ದೇವಲ್ಲ? ಅದು ಕಪ್ಪು ಕರಡಿ ಸರ್, ಬೇರೆ ಜಾತಿ, ಮೈಬಣ್ಣ ಕಂದು ಇದ್ದರೂ ಹೆಸರು ಕಪ್ಪು ಕರಡಿ. ಗ್ರಿಜ್ಲಿಗೆ ಭುಜದ ಮೇಲೆ ಡುಬ್ಬ ಇರುತ್ತದೆ, ಬಾವುಟದಲ್ಲೂ ಕಾಣುತ್ತದೆ. ಗ್ರಿಜ್ಲಿಗಳನ್ನು ಹೊರಗಿನಿಂದ ತಂದು ಸಿಯೆರಾದಲ್ಲಿ ಮತ್ತೆ ಬಿಡಿ ಅಂತ ಒಂದು ಪರಿಸರ ಸಂಸ್ಥೆ 2014ರಲ್ಲಿ ಕೇಂದ್ರಕ್ಕೆ ಅರ್ಜಿ ಹಾಕಿತ್ತು, ಕೈಗೂಡಲಿಲ್ಲ. ಆ ಮಾತು ಇನ್ನೂ ನಡೀತಾನೇ ಇದೆ. ನನ್ನನ್ನು ಕೇಳಿದರೆ ಬಿಡಬೇಕು ಅಂತೀನಿ. ನನ್ನ ಮನೆಯಾಕೆ, ಮೊದಲು ಟ್ರೆಕ್ಕಿಂಗ್ ನಿಲ್ಲಿಸ್ತೀನಿ ಅಂತ ಹೇಳು ಅಂತಾಳೆ.